ಜ್ವರ, ಬಿಳಿ ರಕ್ತಕಣ, ಇಂಟರ್‌ಫೆರಾನ್: ಲ್ಯಾಬ್ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟದ ರಕ್ತ ಪರೀಕ್ಷೆ ಲ್ಯಾಬ್ ಒಂದರಲ್ಲಿ ಟೆಕ್ನೀಷಿಯನ್ ಕೆಲಸ ನನ್ನದು. ಮಳೆ ಶುರುವಾದರೆ ಸಾಕು, ಕೌಂಟರ್ ಮುಂದೆ ಸಾಲು. ರಿಪೋರ್ಟ್ ಕೈಗೆ ಬಂದ ತಕ್ಷಣ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನಿಂತ ನಿಲುವಿನಲ್ಲಿ ಅರ್ಧಂಬರ್ಧ ಉತ್ತರ ಕೊಡುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ, ಯಾವಾಗ ಅಡ್ಮಿಟ್ ಎನ್ನುವುದನ್ನು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು. ಮೈಯೊಳಗೆ ಏನು ನಡೆಯುತ್ತಿದೆ ಎನ್ನುವುದಷ್ಟೇ ಇಲ್ಲಿರುವುದು.

ವೈರಲ್ ಜ್ವರದಲ್ಲಿ ಮೈ ಸುಡೋದು, ಕೈಕಾಲು ಹಿಡಿಯೋದು ಎಲ್ಲ ವೈರಸ್ಸಿನ ಕೆಲಸಾನಾ?

ಬಹುಪಾಲು ಅಲ್ಲ. ಅದು ನಮ್ಮ ಮೈಯದೇ ಕೆಲಸ. ವೈರಸ್ ಹೊಕ್ಕಿದೆ ಎಂದು ಗೊತ್ತಾದ ಜೀವಕೋಶಗಳು ಕೆಲವು ಪ್ರೋಟೀನ್‌ಗಳನ್ನು ಹೊರಕ್ಕೆ ಬಿಡುತ್ತವೆ. ಇಂಟರ್‌ಫೆರಾನ್ ಅವುಗಳಲ್ಲಿ ಒಂದು. ಇಂಟರ್‌ಲ್ಯೂಕಿನ್ ಎನ್ನುವ ಇನ್ನೊಂದು ಗುಂಪೂ ಇದೆ. ಇವು ರಕ್ತದಲ್ಲಿ ಸೇರಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತು ತಯಾರಾಗುತ್ತದೆ. ಮೈ ಬಿಸಿ ಎಷ್ಟಿರಬೇಕು ಎಂಬ ಲೆಕ್ಕವನ್ನೇ ಅದು ಏರಿಸಿಬಿಡುತ್ತದೆ. 37 ಡಿಗ್ರಿ ಇದ್ದದ್ದು 39 ಆಗಬೇಕು ಎಂದು ತೀರ್ಮಾನವಾದರೆ ಮೈ ನಡುಗಿ ನಡುಗಿ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಜ್ವರ ಏರುವಾಗ ಚಳಿ ಆಗುವುದು ಅದಕ್ಕೇ. ಪ್ಯಾರಾಸಿಟಮಾಲ್ ಈ ಪ್ರೋಸ್ಟಗ್ಲ್ಯಾಂಡಿನ್ ತಯಾರಿಯನ್ನು ತಗ್ಗಿಸುತ್ತದೆ, ಅಷ್ಟೆ. ವೈರಸ್ಸಿನ ತಂಟೆಗೆ ಹೋಗುವುದಿಲ್ಲ.

ಸಾಕ್ಷಿ ಬೇಕಾ? ಹೆಪಟೈಟಿಸ್‌ಗೆ ಇಂಟರ್‌ಫೆರಾನ್ ಇಂಜೆಕ್ಷನ್ ತಗೊಂಡವರನ್ನು ಕೇಳಿ. ಚುಚ್ಚಿಸಿಕೊಂಡ ಕೆಲವೇ ಗಂಟೆಗಳಲ್ಲಿ ಚಳಿ, ಜ್ವರ, ತಲೆನೋವು, ಮೈಕೈ ನೋವು. ಥೇಟ್ ಫ್ಲೂ. ಆ ಸಿರಿಂಜಿನಲ್ಲಿ ಒಂದೇ ಒಂದು ವೈರಸ್ ಇರುವುದಿಲ್ಲ.

ಈ ಇಂಟರ್‌ಫೆರಾನ್ ಅಂದ್ರೆ ಏನು? ಏನು ಮಾಡುತ್ತೆ?

ನಮ್ಮೂರಿನವರಿಗೆ ಹೇಳುವುದು ಸುಲಭ. ಬೀದಿಯಲ್ಲಿ ಒಬ್ಬರ ರೇಷ್ಮೆ ಹುಳು ಮನೆಗೆ ಹಾಲುತೊಂಡೆ ಎಂಬ ವೈರಸ್ ರೋಗ ಬಿತ್ತು ಅಂದುಕೊಳ್ಳಿ. ಅವರ ಬೆಳೆ ಹೋದ ಹಾಗೆಯೇ. ಆದರೆ ಸುದ್ದಿ ಕೇಳಿದ ಅಕ್ಕಪಕ್ಕದವರು ಸುಮ್ನೆ ಕೂರುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ, ತಟ್ಟೆಗಳ ಮೇಲೆ ಸುಣ್ಣ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಜೀವಕೋಶಗಳೂ ಹೀಗೇ. ವೈರಸ್ ಹೊಕ್ಕ ಕೋಶ ತಾನು ಉಳಿಯುವುದು ಕಷ್ಟ. ಆದರೆ ಸಾಯುವ ಮೊದಲು ಇಂಟರ್‌ಫೆರಾನ್ ಬಿಟ್ಟು ಸುತ್ತಲಿನ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ.

ಕೋಶಕ್ಕೆ ವೈರಸ್ ಬಂದದ್ದು ಹೇಗೆ ಗೊತ್ತಾಗುತ್ತದೆ? ಆರ್‌ಎನ್‌ಎ ಅಂದರೆ ಪ್ರೋಟೀನ್ ಮಾಡುವ ಸೂಚನೆ ಹೊತ್ತ ಎಳೆ. ವೈರಸ್ಸಿನದು ನಮ್ಮದರ ಹಾಗೆ ಇರುವುದಿಲ್ಲ. ತುದಿ ಬೇರೆ, ಕೆಲವೊಮ್ಮೆ ಎರಡೆಳೆ. ಈ ವ್ಯತ್ಯಾಸವನ್ನು ಹಿಡಿಯಲೆಂದೇ ಕೋಶದೊಳಗೆ ರಿಗ್-ಐ ಎಂಬ ಪ್ರೋಟೀನ್ ಸುತ್ತುತ್ತಿರುತ್ತದೆ. ಅದು ಹಿಡಿದ ಕೂಡಲೇ ಇಂಟರ್‌ಫೆರಾನ್ ತಯಾರಿ ಶುರು.

ಪಕ್ಕದ ಕೋಶಕ್ಕೆ ಇಂಟರ್‌ಫೆರಾನ್ ತಾಗಿದರೆ ಅಲ್ಲಿ ನೂರಾರು ಜೀನ್‌ಗಳು ಎಚ್ಚರವಾಗುತ್ತವೆ. ಅವು ಮಾಡಿಸುವ ಪ್ರೋಟೀನ್‌ಗಳೇ ವೈರಸ್ಸಿಗೆ ನಿಜವಾದ ಅಡ್ಡಿ. ಪಿಕೆಆರ್ ಎಂಬುದು ಕೋಶದ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ವೈರಸ್ ನಮ್ಮ ಯಂತ್ರದಲ್ಲೇ ತನ್ನ ಸರಕು ಮಾಡಿಕೊಳ್ಳಬೇಕಲ್ವಾ, ಯಂತ್ರವೇ ಬಂದ್. ಆರ್‌ಎನೇಸ್-ಎಲ್ ಎಂಬುದು ಸಿಕ್ಕ ಆರ್‌ಎನ್‌ಎಯನ್ನೆಲ್ಲ ಕತ್ತರಿಸಿ ಹಾಕುತ್ತದೆ. ಎಂಎಕ್ಸ್ ಎಂಬ ಪ್ರೋಟೀನ್ ಫ್ಲೂ ವೈರಸ್ಸಿನ ಭಾಗಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಅಂದರೆ ಇಂಟರ್‌ಫೆರಾನ್ ತಾನೇ ಒಂದು ವೈರಸ್ಸನ್ನೂ ಕೊಲ್ಲುವುದಿಲ್ಲ. ಕೆಲಸ ಮಾಡುವವರನ್ನು ಎಬ್ಬಿಸುತ್ತದೆ.

ಇದರಲ್ಲಿ ಬಗೆಗಳಿವೆ. ಆಲ್ಫಾ, ಬೀಟಾ ಎಂಬವನ್ನು ಹೆಚ್ಚುಕಡಿಮೆ ಎಲ್ಲ ಕೋಶಗಳೂ ಮಾಡಬಲ್ಲವು. ಗಾಮಾ ಬರುವುದು ಮುಖ್ಯವಾಗಿ ಟಿ ಕೋಶ ಮತ್ತು ಎನ್‌ಕೆ ಕೋಶ ಎಂಬ ಬಿಳಿ ರಕ್ತಕಣಗಳಿಂದ. 2003ರಲ್ಲಿ ಗೊತ್ತಾದ ಲ್ಯಾಂಬ್ಡಾ ಶ್ವಾಸಕೋಶ, ಕರುಳಿನ ಒಳಪದರದಂಥ ಕಡೆ ಕಾವಲಿಗೆ.

ಇದನ್ನ ಕಂಡುಹಿಡಿದವರು ಯಾರು?

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್‌ಲೆಂಡಿನ ಜಾನ್ ಲಿಂಡೆನ್‌ಮನ್. ಬಳಸಿದ್ದು ಕೋಳಿ ಮೊಟ್ಟೆ. ಮರಿ ಕಟ್ಟುತ್ತಿರುವ ಮೊಟ್ಟೆಯೊಳಗಿನ ಪೊರೆಯ ತುಂಡುಗಳನ್ನು ತೆಗೆದು, ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ ಜೊತೆ ದ್ರವದಲ್ಲಿಟ್ಟರು. ಆಮೇಲೆ ಆ ದ್ರವವನ್ನು ಹೊಸ ಪೊರೆಗಳಿಗೆ ಹಾಕಿ, ಜೀವಂತ ವೈರಸ್ ಬಿಟ್ಟರು. ವೈರಸ್ ಬೆಳೆಯಲಿಲ್ಲ. ಪೊರೆ ಏನನ್ನೋ ದ್ರವಕ್ಕೆ ಬಿಟ್ಟಿತ್ತು. ಆ ಏನನ್ನೋ ಎಂಬುದೇ ಇಂಟರ್‌ಫೆರಾನ್. ಅದಕ್ಕೂ ಮುಂಚೆ, 1954ರಲ್ಲಿ, ಜಪಾನಿನ ನಗಾನೊ ಮತ್ತು ಕೊಜಿಮಾ ಮೊಲದ ಚರ್ಮದಲ್ಲಿ ಇಂಥದೇ ಒಂದು ವಸ್ತುವನ್ನು ಗುರುತಿಸಿದ್ದರು. ಅವರ ಹೆಸರು ಎಲ್ಲರ ಬಾಯಲ್ಲಿ ಬರುವುದಿಲ್ಲ, ಅದು ಬೇರೆ ಮಾತು.

ರೇಷ್ಮೆ ಹುಳುವಿನಲ್ಲಿ ಇಂಟರ್‌ಫೆರಾನ್ ತಯಾರಿಸ್ತಾರಂತೆ, ನಿಜಾನಾ?

ನಿಜ. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಗೂಡಿನ ಮಾರುಕಟ್ಟೆ ಇರುವ ಊರಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕಿತ್ತು.

ಮೊದಲು ಕಷ್ಟ ಏನಿತ್ತು ನೋಡಿ. ಮೈಯಲ್ಲಿ ಹುಟ್ಟುವ ಇಂಟರ್‌ಫೆರಾನ್ ತೀರಾ ಅಲ್ಪ. 1970ರ ದಶಕದಲ್ಲಿ ಫಿನ್ಲೆಂಡಿನ ಕಾರಿ ಕಾಂಟೆಲ್ ದಾನಿಗಳ ರಕ್ತದಿಂದ ಬಿಳಿ ಕಣ ಬೇರ್ಪಡಿಸಿ, ಅವಕ್ಕೆ ಒಂದು ವೈರಸ್ ಹಾಕಿ ಇಂಟರ್‌ಫೆರಾನ್ ತೆಗೆಯುತ್ತಿದ್ದರು. ರಾಶಿ ರಕ್ತ ಬೇಕು, ಸಿಗುವುದು ಚಿಟಿಕೆ. 1980ರ ಹೊತ್ತಿಗೆ ಜ್ಯೂರಿಕ್‌ನಲ್ಲಿ ಚಾರ್ಲ್ಸ್ ವೈಸ್‌ಮನ್ ತಂಡ ಇಂಟರ್‌ಫೆರಾನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು ಮಾಡಿಸಿತು. ಅಲ್ಲಿಂದ ದಾರಿ ತೆರೆಯಿತು.

ಈಗ ಹುಳುವಿನ ಕಥೆ. ಹಾಲುತೊಂಡೆ ಬಂದ ಹುಳುವನ್ನು ಸಾಕಿದವರೆಲ್ಲ ನೋಡಿದ್ದಾರೆ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಅಂತಾರೆ) ಎದ್ದು ಚೆನ್ನಾಗಿ ಸೊಪ್ಪು ತಿನ್ನಬೇಕಾದ ಹೊತ್ತಿನಲ್ಲಿ ಗೆಣ್ಣು ಗೆಣ್ಣು ಊದಿಕೊಳ್ಳುತ್ತದೆ. ಒಂದು ಕಡೆ ನಿಲ್ಲದೆ ತಟ್ಟೆಯ ಅಂಚಿಗೆ ಹರಿಯುತ್ತದೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಆ ರಸ ಬೆಳ್ಳಗಿರುವುದು ವೈರಸ್ ಮಾಡಿಸಿದ ಪ್ರೋಟೀನ್ ಹರಳುಗಳಿಂದ. ಪಾಲಿಹೆಡ್ರಿನ್ ಎಂಬ ಒಂದೇ ಪ್ರೋಟೀನನ್ನು ಆ ವೈರಸ್ ಹುಳುವಿನ ಮೈತುಂಬ ಮಾಡಿಸುತ್ತದೆ.

ಜಪಾನಿನ ವಿಜ್ಞಾನಿಗಳು ಇಲ್ಲೇ ಕೈ ಹಾಕಿದ್ದು. ವೈರಸ್ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳಲು ಪಾಲಿಹೆಡ್ರಿನ್ ಬೇಕೇ ಬೇಕು ಅಂತೇನಿಲ್ಲ. ಆ ಜೀನ್ ತೆಗೆದು ಅದೇ ಜಾಗದಲ್ಲಿ ಮನುಷ್ಯರ ಆಲ್ಫಾ ಇಂಟರ್‌ಫೆರಾನಿನ ಜೀನ್ ಕೂರಿಸಿದರು. ಆ ವೈರಸ್ ತಗುಲಿದ ಹುಳು ಹಾಲಿನ ಹರಳಿನ ಬದಲು ಮೈ ರಸದಲ್ಲಿ ಇಂಟರ್‌ಫೆರಾನ್ ತುಂಬಿಕೊಂಡಿತು. ಇದು ಪ್ರಕಟವಾದದ್ದು 1985ರಲ್ಲಿ. ಮುಂದೆ ಟೋರೆ ಎಂಬ ಜಪಾನಿ ಕಂಪನಿ ಇದೇ ದಾರಿಯಲ್ಲಿ ಬೆಕ್ಕಿನ ಒಮೆಗಾ ಇಂಟರ್‌ಫೆರಾನ್ ತಯಾರಿಸಿ ಮಾರಾಟಕ್ಕೂ ತಂದಿತು. ಬೆಕ್ಕುಗಳ ವೈರಸ್ ಕಾಯಿಲೆಗೂ ನಾಯಿಮರಿಗಳಿಗೆ ಬರುವ ಪಾರ್ವೋ ಎಂಬ ವೈರಸ್ ಕಾಯಿಲೆಗೂ ಅದನ್ನು ಕೊಡುತ್ತಾರೆ. ನಮ್ಮಲ್ಲಿ ಬೆಳೆಯನ್ನೇ ನುಂಗುವ ವೈರಸ್ಸು ಅಲ್ಲಿ ಔಷಧಿ ಮಾಡುವ ಕೂಲಿ ಆಯಿತು.

ಹಾಗಂತ ಹುಳುವಿನ ರಸಕ್ಕೋ ಗೂಡಿನೊಳಗಿನ ಪ್ಯೂಪಾಕ್ಕೋ ಔಷಧಿ ಗುಣ ಇದೆ ಎಂದು ತಿಳಿಯಬೇಡಿ. ನಮ್ಮ ಹುಳು ಮನೆಯ ಹುಳುವಿನಲ್ಲಿ ಇಂಟರ್‌ಫೆರಾನ್ ಇರುವುದಿಲ್ಲ.

ಅಂದ್ರೆ ಹುಳುವಿಗೆ ರೋಗ ನಿರೋಧಕ ಶಕ್ತಿನೇ ಇಲ್ವಾ? ಟೊಮೆಟೊ ಗಿಡಕ್ಕೆ?

ಇದೆ, ದಾರಿ ಬೇರೆ. ಇಂಟರ್‌ಫೆರಾನ್ ಇರುವುದು ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ. ಹುಳು, ಸೊಳ್ಳೆ, ಗಿಡಗಳು ವೈರಸ್ಸಿನ ಆರ್‌ಎನ್‌ಎಯನ್ನು ಸಣ್ಣ ಸಣ್ಣ ತುಂಡು ಮಾಡಿ, ಆ ತುಂಡುಗಳನ್ನೇ ಗುರುತಾಗಿ ಇಟ್ಟುಕೊಂಡು ಉಳಿದದ್ದನ್ನು ಹುಡುಕಿ ಕತ್ತರಿಸುತ್ತವೆ. ಕೋಲಾರ, ಚಿಂತಾಮಣಿ ಕಡೆ ಟೊಮೆಟೊಗೆ ಬಿಳಿ ನೊಣದಿಂದ ಎಲೆ ಮುಟುರು ರೋಗ ಬರುತ್ತದಲ್ಲ, ಆ ವೈರಸ್ಸಿನ ವಿರುದ್ಧವೂ ಗಿಡ ಇದೇ ಉಪಾಯ ಹೂಡುತ್ತದೆ. ಆ ಉಪಾಯವನ್ನು ಕೆಡಿಸುವ ಪ್ರೋಟೀನ್ ವೈರಸ್ಸಿನ ಬಳಿಯೂ ಇದೆ. ಸೊಳ್ಳೆಯ ವಿಷಯ ಇನ್ನೂ ಕುತೂಹಲದ್ದು. ಡೆಂಗಿ ವೈರಸ್ಸನ್ನು ಸಾಯುವ ತನಕ ಹೊತ್ತು ತಿರುಗಿದರೂ ಅದಕ್ಕೆ ಅಷ್ಟೇನೂ ತೊಂದರೆ ಇಲ್ಲ.

ಹಕ್ಕಿ ಜ್ವರದಲ್ಲಿ ಕೋಳಿ ಸಾಯುತ್ತೆ, ಬಾತುಕೋಳಿ ತಡೆದುಕೊಳ್ಳುತ್ತಂತೆ. ಯಾಕೆ?

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿ ಜ್ವರ ಖಚಿತವಾದಾಗ ಇದನ್ನು ಬಹಳ ಜನ ಕೇಳಿದರು. ಒಂದು ಕಾರಣ ಮೇಲೆ ಹೇಳಿದ ರಿಗ್-ಐ. ಬಾತುಕೋಳಿಯಲ್ಲಿ ಅದು ಇದೆ. ಕೋಳಿಯಲ್ಲಿ ಆ ಜೀನೇ ಇಲ್ಲ. ಇದು 2010ರಲ್ಲಿ ಗೊತ್ತಾಯಿತು. ಕೋಳಿಗೂ ಇಂಟರ್‌ಫೆರಾನ್ ಇದೆ, ಮೊದಲು ಸಿಕ್ಕಿದ್ದೇ ಅದರ ಮೊಟ್ಟೆಯಲ್ಲಿ. ಆದರೆ ಫ್ಲೂ ವೈರಸ್ಸನ್ನು ಬೇಗ ಗುರುತಿಸುವ ಒಂದು ಮುಖ್ಯ ದಾರಿ ಅದಕ್ಕಿಲ್ಲ. ಇದೊಂದೇ ಕಾರಣ ಅಂತಲ್ಲ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಲು ಭಯ ಬೇಡ.

ಇನ್ಫೆಕ್ಷನ್ ಇದ್ದರೆ ಬಿಳಿ ರಕ್ತಕಣ ಜಾಸ್ತಿ ಆಗಬೇಕಲ್ವಾ? ನನ್ನ ರಿಪೋರ್ಟ್‌ನಲ್ಲಿ ಕಡಿಮೆ ಯಾಕಿದೆ?

ಮಳೆಗಾಲದಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ. ದೊಡ್ಡವರಲ್ಲಿ ಬಿಳಿ ಕಣ ಸಾಮಾನ್ಯವಾಗಿ 4,000ದಿಂದ 11,000 ಇರುತ್ತದೆ. ಕೀವು, ನ್ಯುಮೋನಿಯಾದಂಥ ಬ್ಯಾಕ್ಟೀರಿಯಾ ಸೋಂಕಿನಲ್ಲಿ 15,000 ದಾಟುವುದು ಸಾಮಾನ್ಯ. ವೈರಸ್ ಜ್ವರದಲ್ಲಿ, ಅದರಲ್ಲೂ ಡೆಂಗಿಯಲ್ಲಿ, 3,000, 2,500ಕ್ಕೆ ಇಳಿಯುವುದೂ ಅಷ್ಟೇ ಸಾಮಾನ್ಯ. ಪ್ಲೇಟ್‌ಲೆಟ್ ಇಳಿಯುವ ಮೊದಲೇ ಬಿಳಿ ಕಣ ಇಳಿದಿರುತ್ತದೆ. ಟೈಫಾಯ್ಡ್ ಬ್ಯಾಕ್ಟೀರಿಯಾದ್ದಾದರೂ ಅದರಲ್ಲೂ ಕಡಿಮೆ ಬರಬಹುದು. ಆದ್ದರಿಂದ ಸಂಖ್ಯೆ ಒಂದನ್ನೇ ನೋಡಿ ನೀವೇ ತೀರ್ಪು ಕೊಡಬೇಡಿ.

ಇಳಿಯಲು ಕಾರಣ ಎರಡು. ಇಂಟರ್‌ಫೆರಾನ್ ಜಾಸ್ತಿಯಾದಾಗ ರಕ್ತದಲ್ಲಿ ಓಡಾಡುತ್ತಿದ್ದ ಲಿಂಫೋಸೈಟ್ ಎಂಬ ಬಿಳಿ ಕಣಗಳು ರಕ್ತ ಬಿಟ್ಟು ಕತ್ತು, ಕಂಕುಳಿನಂಥ ಕಡೆ ಇರುವ ಲಿಂಫ್ ಗಂಟುಗಳಿಗೂ ಸೋಂಕಿನ ಜಾಗಕ್ಕೂ ಹೋಗುತ್ತವೆ. ನಾವು ಚುಚ್ಚಿ ತೆಗೆಯುವುದು ತೋಳಿನ ರಕ್ತ. ಅಲ್ಲಿ ಅವು ಕಾಣುವುದಿಲ್ಲ, ಅಷ್ಟೆ. ಇನ್ನೊಂದು, ಡೆಂಗಿ ವೈರಸ್ ಮೂಳೆ ಮಜ್ಜೆಯನ್ನೂ ಕೆಲವು ದಿನ ಮಂಕು ಮಾಡುತ್ತದೆ. ಹೊಸ ಕಣಗಳ ತಯಾರಿ ನಿಧಾನವಾಗುತ್ತದೆ.

ಮೆಷಿನ್ ಸಂಖ್ಯೆ ಹೇಳುತ್ತದೆ, ಸ್ಲೈಡ್ ಕಥೆ ಹೇಳುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಗುಲಾಬಿ ಬಣ್ಣದ ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಕಣ. ನ್ಯೂಟ್ರೋಫಿಲ್ ಆದರೆ ಒಳಗೆ ಮೂರು ನಾಲ್ಕು ತುಂಡಾಗಿ ಮಡಿಚಿದ ಬೀಜ (ನ್ಯೂಕ್ಲಿಯಸ್). ಸುಮ್ಮನಿರುವ ಲಿಂಫೋಸೈಟ್ ಆದರೆ ಇಡೀ ಕಣವೇ ಬೀಜ, ಸುತ್ತ ತೆಳ್ಳನೆ ನೀಲಿ ಅಂಚು. ಜ್ವರದ ನಾಲ್ಕೈದನೇ ದಿನ ಬೇರೆಯದೇ ಲಿಂಫೋಸೈಟ್ ಕಾಣಿಸಿಕೊಳ್ಳುತ್ತದೆ. ದೊಡ್ಡದು, ನೀಲಿ ಅಂಚು ಅಗಲ, ಪಕ್ಕದ ಕೆಂಪು ಕಣಗಳ ಸುತ್ತ ಅಂಚು ಬಾಗಿರುತ್ತದೆ. ರಿಪೋರ್ಟಿನಲ್ಲಿ ಇವನ್ನು ರಿಯಾಕ್ಟಿವ್ ಲಿಂಫೋಸೈಟ್ ಎಂದು ಬರೆಯುತ್ತೇವೆ. ಹೆಸರು ನೋಡಿ ಹೆದರುವವರಿದ್ದಾರೆ. ವೈರಸ್ಸನ್ನು ಗುರುತಿಸಿ ಕೆಲಸಕ್ಕಿಳಿದ ಕಣಗಳು ಅವು.

ಯಾವ ಕಣ ಏನು ಕೆಲಸ ಮಾಡುತ್ತೆ?

ಪೂರ್ತಿ ಪಟ್ಟಿ ಉದ್ದ. ವೈರಸ್ ಮಟ್ಟಿಗೆ ಬೇಕಾದದ್ದನ್ನು ಹೇಳುತ್ತೇನೆ.

ಬಿಳಿ ಕಣಗಳಲ್ಲಿ ಬಹುಪಾಲು ನ್ಯೂಟ್ರೋಫಿಲ್. ಅವು ಹೆಚ್ಚಾಗಿ ಬ್ಯಾಕ್ಟೀರಿಯಾ, ಶಿಲೀಂಧ್ರ ನುಂಗುವ ಕೆಲಸದವು. ಇಂಟರ್‌ಫೆರಾನ್ ಹೇರಳವಾಗಿ ಬಿಡುವುದು ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಎಂಬ ಉದ್ದ ಹೆಸರಿನ ಕೋಶ. ರಕ್ತದ ಬಿಳಿ ಕಣಗಳಲ್ಲಿ ನೂರಕ್ಕೆ ಒಂದೂ ಇರುವುದಿಲ್ಲ. ಎನ್‌ಕೆ ಕೋಶಕ್ಕೆ ಮೊದಲೇ ಪರಿಚಯ ಬೇಕಿಲ್ಲ. ಸೋಂಕು ತಗುಲಿ ಗುರುತು ಬದಲಾದ ಕೋಶ ಕಂಡರೆ ಮುಗಿಸುತ್ತದೆ. ಇಂಟರ್‌ಫೆರಾನ್ ಅದನ್ನು ಇನ್ನಷ್ಟು ಚುರುಕು ಮಾಡುತ್ತದೆ. ಇವೆಲ್ಲ ಮೊದಲ ಕೆಲವು ಗಂಟೆ, ಕೆಲವು ದಿನದ ಕೆಲಸ.

ಕೊಲ್ಲುವ ಟಿ ಕೋಶಗಳೂ ಆ್ಯಂಟಿಬಾಡಿ (ವೈರಸ್ಸಿಗೆ ಅಂಟಿ ಹಿಡಿಯುವ ಪ್ರೋಟೀನ್) ಮಾಡುವ ಬಿ ಕೋಶಗಳೂ ತಯಾರಾಗಲು ಹೊಸ ವೈರಸ್ಸಾದರೆ ಐದರಿಂದ ಹತ್ತು ದಿನ ಬೇಕು. ಡೆಂಗಿಯಲ್ಲಿ ಮೊದಲ ದಿನಗಳಲ್ಲಿ ಎನ್‌ಎಸ್1 ಪರೀಕ್ಷೆ, ಐದು ದಿನ ಕಳೆದ ಮೇಲೆ ಐಜಿಎಂ ಪರೀಕ್ಷೆ ಬರೆಯುವುದು ಇದಕ್ಕೇ. ಮೊದಲನೆಯದು ವೈರಸ್ಸಿನ ಪ್ರೋಟೀನ್ ಹುಡುಕುತ್ತದೆ, ಎರಡನೆಯದು ನಮ್ಮ ಆ್ಯಂಟಿಬಾಡಿಯನ್ನು. ಜ್ವರ ಬಂದ ಮರುದಿನವೇ ಬಂದು ಐಜಿಎಂ ಮಾಡಿ ಎಂದು ಹಟ ಹಿಡಿದರೆ ದುಡ್ಡು ದಂಡ.

ಮೈಯಲ್ಲಿ ಇಷ್ಟೆಲ್ಲ ಇದ್ದೂ ಡೆಂಗಿ, ಜೀಕಾ ಯಾಕೆ ಬರುತ್ತೆ?

ವೈರಸ್ಸಿಗೂ ಇಂಟರ್‌ಫೆರಾನ್ ಗೊತ್ತು. ಅದನ್ನು ತಪ್ಪಿಸುವ ದಾರಿ ಗೊತ್ತಿಲ್ಲದ ವೈರಸ್ ನಮ್ಮಲ್ಲಿ ನಿಲ್ಲುವುದೇ ಇಲ್ಲ. ಫ್ಲೂ ವೈರಸ್ ತನ್ನದೊಂದು ಪ್ರೋಟೀನಿನಿಂದ ರಿಗ್-ಐ ಬಾಯಿ ಮುಚ್ಚಿಸುತ್ತದೆ. ಡೆಂಗಿ ವೈರಸ್ ಇಂಟರ್‌ಫೆರಾನಿನ ಸುದ್ದಿ ಕೋಶದ ಒಳಗೆ ಸಾಗದಂತೆ ಮಾಡುತ್ತದೆ. ಆ ಸುದ್ದಿ ಒಯ್ಯುವ ಸ್ಟ್ಯಾಟ್2 ಎಂಬ ಪ್ರೋಟೀನನ್ನು ಕೋಶದ ಕೈಯಿಂದಲೇ ನಾಶ ಮಾಡಿಸುತ್ತದೆ.

ಡೆಂಗಿಯ ಹಾಗೆ ಸೊಳ್ಳೆಯಿಂದ ಹರಡುವ ಜೀಕಾ ವೈರಸ್ ಕೂಡ ಇದನ್ನೇ ಮಾಡುತ್ತದೆ. ನಮ್ಮ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ 2023ರಲ್ಲಿ ಹಿಡಿದ ಸೊಳ್ಳೆಗಳಲ್ಲಿ ಜೀಕಾ ವೈರಸ್ ಸಿಕ್ಕಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಬಂದವರ, ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿಸಿದ್ದು ಎಲ್ಲರಿಗೂ ನೆನಪಿದೆ. ಈ ಜೀಕಾ ಸಾಮಾನ್ಯ ಇಲಿಗಳಿಗೆ ಕಾಯಿಲೆ ತರುವುದಿಲ್ಲ. ಮನುಷ್ಯರ ಸ್ಟ್ಯಾಟ್2 ಅದಕ್ಕೆ ಬಗ್ಗುತ್ತದೆ, ಇಲಿಯದ್ದು ಬಗ್ಗುವುದಿಲ್ಲ. ಪ್ರಯೋಗಕ್ಕೆ ಇಂಟರ್‌ಫೆರಾನ್ ತಾಗದಂತೆ ಜೀನ್ ಬದಲಿಸಿದ ಇಲಿಗಳೇ ಬೇಕು. ಅವು ಜೀಕಾ ತಗುಲಿದರೆ ಸಾಯುತ್ತವೆ. ಇಂಟರ್‌ಫೆರಾನ್ ನಮ್ಮನ್ನು ದಿನಾ ಎಷ್ಟು ಕಾಯುತ್ತಿದೆ ಎನ್ನುವುದಕ್ಕೆ ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ನಮ್ಮ ಕಡೆ ಇನ್ನೊಂದು ಕಾರಣ ಡ್ರಮ್ಮು. ನಲ್ಲಿ ನೀರು ಬಿಡುವುದು ಕೆಲವು ದಿನಕ್ಕೊಮ್ಮೆ. ಎಲ್ಲರ ಮನೆ ಮುಂದೆ ಡ್ರಮ್, ಸಿಮೆಂಟ್ ತೊಟ್ಟಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಆ ನಿಂತ ತಿಳಿನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆ ಆಗಲು ಏಳೆಂಟು ಹತ್ತು ದಿನ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಬದಿ ತಿಕ್ಕಿ, ಬಿಗಿಯಾಗಿ ಮುಚ್ಚಿ. ತಿಕ್ಕುವುದು ಮುಖ್ಯ. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಹೋಗುವುದಿಲ್ಲ.

ಡೆಂಗಿ ಜ್ವರ ಬಿಟ್ಟಿತು, ಪ್ಲೇಟ್‌ಲೆಟ್ ಮಾತ್ರ ಇಳೀತಾ ಇದೆ. ಯಾಕೆ?

ಡೆಂಗಿಯ ವಿಚಿತ್ರವೇ ಇದು. ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಾ ಬಂದಿರುತ್ತದೆ. ಅಪಾಯ ಬರುವುದು ಆಗಲೇ. ರೋಗ ನಿರೋಧಕ ಕೋಶಗಳು ಬಿಟ್ಟ ವಸ್ತುಗಳು ಮತ್ತು ವೈರಸ್ಸಿನ ಎನ್‌ಎಸ್1 ಪ್ರೋಟೀನ್ ಸೇರಿ ಸಣ್ಣ ರಕ್ತನಾಳಗಳು ಸೋರುವಂತೆ ಮಾಡುತ್ತವೆ. ರಕ್ತದ ನೀರಿನ ಅಂಶ ಹೊರಗೆ ಹೋಗಿ ಬಿಪಿ ಬೀಳುತ್ತದೆ. ಜನ ಪ್ಲೇಟ್‌ಲೆಟ್ ಒಂದನ್ನೇ ನೋಡುತ್ತಾರೆ. ಡಾಕ್ಟರ್ ಅದರ ಜೊತೆಗೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರಿದೆಯಾ ಎಂದು ನೋಡುತ್ತಾರೆ. ರಕ್ತ ಗಟ್ಟಿಯಾಗುತ್ತಿದೆ ಎಂದರೆ ನೀರು ಸೋರುತ್ತಿದೆ ಎಂದರ್ಥ.

ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಲ್ಯಾಬಿಗೆ ಅಲ್ಲ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಜಾಸ್ತಿ ಮಾಡುತ್ತವೆ.

ಎರಡನೇ ಸಲ ಬೇರೆ ಬಗೆಯ ಡೆಂಗಿ ಬಂದರೆ ಹೆಚ್ಚು ಜೋರಾಗುವ ಸಾಧ್ಯತೆ ಇದೆ. ಡೆಂಗಿ ವೈರಸ್ ನಾಲ್ಕು ಬಗೆ. ಮೊದಲ ಸಲದ ಆ್ಯಂಟಿಬಾಡಿ ಎರಡನೆಯ ಬಗೆಯನ್ನು ಅರ್ಧಂಬರ್ಧ ಹಿಡಿಯುತ್ತದೆ. ಕೊಲ್ಲುವ ಬದಲು ಕೋಶದೊಳಗೆ ಹೋಗಲು ದಾರಿ ಮಾಡಿಕೊಡುತ್ತದೆ.

ಪಪ್ಪಾಯಿ ಎಲೆ ರಸ?

ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತು ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಜೀವ ಉಳಿಸುತ್ತದೆ ಎಂದು ಸಾಬೀತಾಗಿಲ್ಲ. ಪ್ಲೇಟ್‌ಲೆಟ್ ತಾನಾಗಿಯೇ ಏರುವ ದಿನವೇ ಜನ ರಸ ಕುಡಿಯುವುದೂ ಉಂಟು, ಹೆಸರು ಎಲೆಗೆ ಬರುತ್ತದೆ. ವಾಂತಿ ಆಗುತ್ತಿರುವವರಿಗೆ ಆ ಕಹಿ ಕುಡಿಸಿ ಇನ್ನಷ್ಟು ವಾಂತಿ ಮಾಡಿಸಬೇಡಿ. ಓಆರ್‌ಎಸ್, ಗಂಜಿ, ಎಳನೀರು ಹೊಟ್ಟೆಯಲ್ಲಿ ನಿಂತರೆ ಅದೇ ದೊಡ್ಡದು.

ಆ್ಯಂಟಿಬಯೋಟಿಕ್ ತಗೊಂಡ್ರೆ ಬೇಗ ವಾಸಿ ಆಗಲ್ವಾ?

ವೈರಸ್ಸಿಗೆ ಆಗುವುದಿಲ್ಲ. ಆ್ಯಂಟಿಬಯೋಟಿಕ್ ಹೊಡೆಯುವುದು ಬ್ಯಾಕ್ಟೀರಿಯಾದ ಗೋಡೆಗೆ, ಅದರ ಯಂತ್ರಕ್ಕೆ. ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ಯಂತ್ರವೂ ಇಲ್ಲ. ನಮ್ಮದನ್ನೇ ಬಳಸುತ್ತದೆ. ಮೂರನೇ ದಿನ ಮೆಡಿಕಲ್‌ನಲ್ಲಿ ಕೇಳಿ ತಗೊಂಡು ಐದನೇ ದಿನ ವಾಸಿಯಾದರೆ, ಐದನೇ ದಿನ ಹೇಗೂ ವಾಸಿಯಾಗುತ್ತಿತ್ತು.

ಹಾಗಾದರೆ ವೈರಸ್ಸಿಗೆ ಮದ್ದೇ ಇಲ್ವಾ?

ಕೆಲವಕ್ಕೆ ಬಹಳ ಒಳ್ಳೆಯ ಮದ್ದಿದೆ. ನಮ್ಮ ಕೋಶಕ್ಕೆ ಪೆಟ್ಟಾಗದೆ ವೈರಸ್ಸಿನದು ಮಾತ್ರ ಎನ್ನುವಂಥ ಒಂದು ಜಾಗ ಸಿಗಬೇಕು, ಅದೇ ಕಷ್ಟ. ಸರ್ಪಸುತ್ತು, ಚಿಕನ್‌ಪಾಕ್ಸ್‌ಗೆ ಕೊಡುವ ಅಸೈಕ್ಲೋವಿರ್‌ನಲ್ಲಿ ಆ ಜಾಗ ಸಿಕ್ಕಿತು. ಆ ವೈರಸ್ಸಿನದೇ ಒಂದು ಎನ್‌ಜೈಮ್ ಮುಟ್ಟಿದರೆ ಮಾತ್ರ ಮಾತ್ರೆಗೆ ಜೀವ ಬರುತ್ತದೆ. ಸೋಂಕಿಲ್ಲದ ಕೋಶದಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಫ್ಲೂಗೆ ಒಸೆಲ್ಟಮಿವಿರ್ ಇದೆ, ಆದಷ್ಟೂ ಮೊದಲ 48 ಗಂಟೆಯೊಳಗೆ ಶುರು ಮಾಡಬೇಕು. ಎಚ್‌ಐವಿ ಮತ್ತು ಹೆಪಟೈಟಿಸ್ ಬಿಗೆ ಟೆನೊಫೋವಿರ್. ಡೆಂಗಿ, ಚಿಕೂನ್‌ಗುನ್ಯಾ, ಜೀಕಾಗೆ ಮಾತ್ರ ಇನ್ನೂ ಯಾವ ಆ್ಯಂಟಿವೈರಲ್ ಮಾತ್ರೆಯೂ ಬಂದಿಲ್ಲ. ಯಾರಾದರೂ ಡೆಂಗಿಗೆ ಸ್ಪೆಷಲ್ ಇಂಜೆಕ್ಷನ್ ಇದೆ ಅಂದರೆ ಹೆಸರು ಬರೆಸಿಕೊಂಡು ಬನ್ನಿ.

ಇಂಟರ್‌ಫೆರಾನ್ ಇಂಜೆಕ್ಷನ್ ಈಗಲೂ ಕೊಡ್ತಾರಾ?

ಕೊಡುತ್ತಾರೆ, ಮೊದಲಿನಷ್ಟಲ್ಲ. ಹೆಪಟೈಟಿಸ್ ಸಿಗೆ ಬಹಳ ವರ್ಷ ಇದೇ ಗತಿಯಾಗಿತ್ತು. ವಾರಕ್ಕೊಂದು ಪೆಗ್ ಇಂಟರ್‌ಫೆರಾನ್ (ಮೈಯಲ್ಲಿ ಹೆಚ್ಚು ದಿನ ನಿಲ್ಲುವ ಹಾಗೆ ಮಾಡಿದ್ದು), ಜೊತೆಗೆ ರಿಬವಿರಿನ್ ಮಾತ್ರೆ, 24 ಅಥವಾ 48 ವಾರ. ವಾರವಾರವೂ ಜ್ವರ, ಸುಸ್ತು. ಕೂದಲು ಉದುರುತ್ತಿತ್ತು. ಕೆಲವರಿಗೆ ಖಿನ್ನತೆ ಬಂದು ಚಿಕಿತ್ಸೆಯನ್ನೇ ಬಿಡಬೇಕಾಗುತ್ತಿತ್ತು. 2013ರಲ್ಲಿ ಸೊಫೊಸ್ಬುವಿರ್ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಹೆಚ್ಚಿನವರಿಗೆ 12 ವಾರ ಮಾತ್ರೆ, ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಗುಣ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ, ಸಿ ಎರಡಕ್ಕೂ ಮಾತ್ರೆ ಉಚಿತ. ಹೆಪಟೈಟಿಸ್ ಬಿ ಇರುವ ಕೆಲವರಿಗೆ ಇಂಟರ್‌ಫೆರಾನ್ ಈಗಲೂ ಒಂದು ಆಯ್ಕೆ.

ಕೋವಿಡ್‌ನಲ್ಲಿ ಆದದ್ದು ಇನ್ನೂ ಪಾಠದಂಥದ್ದು. ತೀವ್ರ ನ್ಯುಮೋನಿಯಾ ಆದವರಲ್ಲಿ ನೂರಕ್ಕೆ ಸುಮಾರು ಹತ್ತು ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಆ್ಯಂಟಿಬಾಡಿ ಇತ್ತು. ಇದು 2020ರಲ್ಲಿ ಗೊತ್ತಾಯಿತು. ಹೆಚ್ಚಿನವರು ವಯಸ್ಸಾದ ಗಂಡಸರು. ಹಾಗಿದ್ದರೆ ಇಂಟರ್‌ಫೆರಾನ್ ಚುಚ್ಚಿದರೆ ಆಯಿತಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರಿದವರಿಗೆ ಬೀಟಾ ಇಂಟರ್‌ಫೆರಾನ್ ಕೊಟ್ಟು ನೋಡಿದರು. ಪ್ರಯೋಜನ ಕಾಣಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಇಂಟರ್‌ಫೆರಾನಿನ ಸಮಯ ಮುಗಿದಿರುತ್ತದೆ. ಅದು ಬೇಕಾದದ್ದು ಮೊದಲ ಒಂದೆರಡು ದಿನ.

ಇಮ್ಯುನಿಟಿ ಬೂಸ್ಟರ್ ಪುಡಿ, ಕಷಾಯದಿಂದ ಇಂಟರ್‌ಫೆರಾನ್ ಜಾಸ್ತಿ ಆಗುತ್ತಾ?

ಜಾಸ್ತಿ ಆಗಲಿ ಅಂತ ಯಾಕೆ ಆಸೆ ಪಡುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಇಂಟರ್‌ಫೆರಾನ್ ಸದಾ ಜಾಸ್ತಿ ಇದ್ದರೆ ಏನಾಗುತ್ತದೆ ಎಂದು ತಿಳಿಯಲು ಲೂಪಸ್, ಅಂದರೆ ರೋಗ ನಿರೋಧಕ ಶಕ್ತಿ ತನ್ನ ಮೈಯ ಮೇಲೇ ತಿರುಗಿಬೀಳುವ ಕಾಯಿಲೆ, ಇರುವವರನ್ನು ನೋಡಬೇಕು. ಸಂದು ನೋವು, ಸುಸ್ತು, ಮುಖದ ಮೇಲೆ ಕೆಂಪು ದದ್ದು. ಅವರಲ್ಲಿ ಅನೇಕರ ರಕ್ತದಲ್ಲಿ ಸೋಂಕಿಲ್ಲದೆಯೂ ಇಂಟರ್‌ಫೆರಾನಿನ ಕೆಲಸ ನಡೆಯುತ್ತಲೇ ಇರುತ್ತದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅನಿಫ್ರೊಲುಮಾಬ್ ಎಂಬ ಔಷಧಿಯ ಕೆಲಸವೇ ಇಂಟರ್‌ಫೆರಾನ್ ಕೋಶಕ್ಕೆ ತಾಗದಂತೆ ತಡೆಯುವುದು. ಬೇಕಾದಾಗ ತಕ್ಷಣ ಏರಬೇಕು, ಕೆಲಸ ಆದ ಮೇಲೆ ಇಳಿಯಬೇಕು. ಯಾವ ಪುಡಿಯ ಡಬ್ಬಿಯ ಮೇಲೂ ಇಳಿಸುವ ಮಾತು ಬರೆದಿರುವುದಿಲ್ಲ.

ಶುಂಠಿ, ಮೆಣಸಿನ ಕಷಾಯ ಗಂಟಲಿಗೆ ಹಿತ. ಕುಡಿಯಿರಿ. ನಾನೂ ಕುಡಿಯುತ್ತೇನೆ. ಸಾವಿರಾರು ರೂಪಾಯಿ ಕೊಟ್ಟು ಡಬ್ಬಿ ತರುವ ಬದಲು ಮೊಟ್ಟೆ, ಬೇಳೆ, ಸೊಪ್ಪು, ರಾಗಿ ತನ್ನಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡಿ. ಸಕ್ಕರೆ ಏರಿದರೆ ಬಿಳಿ ಕಣಗಳ ಕೆಲಸ ಮಂಕಾಗುತ್ತದೆ.

ಚಿಕೂನ್‌ಗುನ್ಯಾ ಬಿಟ್ಟು ತಿಂಗಳುಗಳಾದ್ರೂ ಕೀಲು ನೋವು ಹೋಗಿಲ್ಲ, ವೈರಸ್ ಇನ್ನೂ ಇದೆಯಾ?

ರಕ್ತದಲ್ಲಿ ಇರುವುದಿಲ್ಲ. ಒಂದು ವಾರದಲ್ಲೇ ಹೋಗಿರುತ್ತದೆ. ಕೀಲಿನ ಒಳಪದರದ ಕೋಶಗಳಲ್ಲಿ ವೈರಸ್ಸಿನ ಚೂರುಪಾರು ಉಳಿದು, ರೋಗ ನಿರೋಧಕ ಕೋಶಗಳು ಅಲ್ಲೇ ಬಿಡಾರ ಹೂಡಿರುವುದು ನೋವಿಗೆ ಕಾರಣ ಎಂದು ತಿಳಿಯಲಾಗಿದೆ. 2006ರಲ್ಲಿ ರಾಜ್ಯದಲ್ಲೆಲ್ಲ ಚಿಕೂನ್‌ಗುನ್ಯಾ ಹರಡಿದಾಗ ನಮ್ಮ ಕಡೆ ಮನೆ ಮನೆಯಲ್ಲೂ ಗೋಡೆ ಹಿಡಿದು ನಡೆದವರಿದ್ದಾರೆ. ಬಹುಪಾಲು ಜನರಿಗೆ ನಿಧಾನವಾಗಿ ಕಡಿಮೆಯಾಗುತ್ತದೆ. ಮೂರು ತಿಂಗಳು ದಾಟಿಯೂ ಬೆಳಗ್ಗೆ ಬೆರಳು ಮಡಚಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ, ಸಂಧಿವಾತ ಇದೆಯಾ ಎಂದು ನೋಡಬೇಕಾಗುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ನೀವೇ ಅಂಗಡಿಯಲ್ಲಿ ಕೇಳಿ ತಗೋಬೇಡಿ.

ಲಸಿಕೆ ಹಾಕಿಸಿದ ರಾತ್ರಿ ಜ್ವರ ಬರುವುದು ಇದರಿಂದಲೇನಾ?

ಹೌದು, ಇಂಟರ್‌ಫೆರಾನ್ ಮತ್ತು ಅದರ ಜೊತೆಗಾರರು. ಕೋವಿಶೀಲ್ಡ್ ಹಾಕಿಸಿಕೊಂಡ ರಾತ್ರಿ ಮೈಯೆಲ್ಲ ಹಿಡಿದದ್ದು ನೆನಪಿರಬೇಕು. ಜ್ವರ ಬಾರದಿದ್ದರೆ ಲಸಿಕೆ ಕೆಲಸ ಮಾಡಲಿಲ್ಲ ಅಂತಲ್ಲ. ಇಂಟರ್‌ಫೆರಾನ್ ಅತಿಯಾದರೂ ಲಸಿಕೆಗೆ ತೊಂದರೆ. ಆರ್‌ಎನ್‌ಎಯನ್ನೇ ಚುಚ್ಚುವ ಎಂಆರ್‌ಎನ್‌ಎ ಲಸಿಕೆ ಮೊದಮೊದಲು ಸೋತದ್ದಕ್ಕೆ ಇದೂ ಒಂದು ಕಾರಣ. ಕೋಶ ಅದನ್ನು ವೈರಸ್ ಎಂದೇ ತಿಳಿದು ಎಲ್ಲ ಬಂದ್ ಮಾಡುತ್ತಿತ್ತು. ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ಅದರ ಒಂದು ಅಕ್ಷರವನ್ನು ಸ್ವಲ್ಪ ಬದಲಿಸಿ ಈ ಗಲಾಟೆ ತಗ್ಗಿಸಿದರು. 2023ರಲ್ಲಿ ಅವರಿಗೆ ನೊಬೆಲ್ ಬಂತು.

ಟಿಬಿಗೆ ಇಗ್ರಾ ಅಂತ ಟೆಸ್ಟ್ ಬರೆದಿದ್ದಾರೆ. ಅದರಲ್ಲೂ ಇಂಟರ್‌ಫೆರಾನ್ ಅಂತ ಇದೆ?

ಇದು ಗಾಮಾ ಇಂಟರ್‌ಫೆರಾನ್. ನಿಮ್ಮ ರಕ್ತವನ್ನು ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ತುಣುಕುಗಳಿರುವ ಟ್ಯೂಬಿಗೆ ಹಾಕಿ, 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡುತ್ತಾರೆ. ನಿಮ್ಮ ಟಿ ಕೋಶಗಳಿಗೆ ಟಿಬಿಯ ಪರಿಚಯ ಮೊದಲೇ ಇದ್ದರೆ ಆ ಟ್ಯೂಬಿನಲ್ಲಿ ಗಾಮಾ ಇಂಟರ್‌ಫೆರಾನ್ ಬಿಡುತ್ತವೆ. ಅದನ್ನು ಅಳೆಯುವುದೇ ಪರೀಕ್ಷೆ. ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿ ಗೋಡೆಗೆಲ್ಲ ರಕ್ತ ತಾಗಿಸಬೇಕು, ಹಾಗಂತ ಜೋರಾಗಿ ಕುಲುಕಿದರೆ ಲೆಕ್ಕ ಕೆಡುತ್ತದೆ. ರಕ್ತ ತೆಗೆದಾಗ ನಾವು ಟ್ಯೂಬ್ ಹಿಡಿದುಕೊಂಡು ಆಟ ಆಡುತ್ತಿದ್ದೇವೆ ಎಂದು ಸಿಟ್ಟಾಗಬೇಡಿ.

ಪಾಸಿಟಿವ್ ಬಂದರೆ ಟಿಬಿ ರೋಗ ಇದೆ ಎಂದಲ್ಲ. ಬ್ಯಾಕ್ಟೀರಿಯಾ ಯಾವಾಗಲೋ ಮೈ ಸೇರಿದೆ ಎಂದಷ್ಟೇ. ಈಗ ಕಾಯಿಲೆ ಇದೆಯಾ ಎಂದು ತಿಳಿಯಲು ಕಫ ಪರೀಕ್ಷೆ, ಎಕ್ಸ್‌ರೇ ಬೇಕು. ಅವೆರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಫದ ಡಬ್ಬಿ ಕೊಟ್ಟಾಗ ಉಗುಳು ತುಂಬಿಸಿ ತರಬೇಡಿ. ಬೆಳಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ಬಂದದ್ದನ್ನೇ ತನ್ನಿ.